‘ಎಲ್ಲರೂ ಬಂದ್ರಾ?’ ಅಂತ ಕೇಳಿದ್ರೆ ಸಾಲದು: ಶಾಲಾ ಪ್ರವಾಸದಲ್ಲಿ ಮಗು ಕಾಣೆಯಾದರೆ

ಇವತ್ತಿನ ಎಪಿಸೋಡ್ ಸ್ವಲ್ಪ ಉದ್ದ ಇದೆ. ಬಸ್ಸಲ್ಲಿ ಕೂತು ಕೇಳ್ತಾ ಇದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ವಿಷಯಾನೂ ಬಸ್ಸಿನದ್ದೇ. ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಒಂದು ಸೀಸನ್ ಶುರುವಾಗುತ್ತೆ. ಕಬ್ಬಿನ ಸೀಸನ್ ಒಂದು, ಅದರ ಜೊತೆಗೇ ಪ್ರವಾಸದ ಸೀಸನ್. ಬೆಳಗಿನ ಜಾವ ನಾಲ್ಕಕ್ಕೆ ಶಾಲೆಯ ಗೇಟಿನ ಮುಂದೆ ಬಸ್ಸು, ಸ್ವೆಟರ್ ಹಾಕಿಕೊಂಡ ಹುಡುಗರು, ಬುತ್ತಿ ಗಂಟು, ಶೇಂಗಾ ಚಟ್ನಿ, ಕಡಕ್ ರೊಟ್ಟಿ. ಒಂದು ತಂಡ ವಿಜಯಪುರ, ಆಲಮಟ್ಟಿ, ಕೂಡಲಸಂಗಮ. ಇನ್ನೊಂದು ಕೊಲ್ಹಾಪುರ, ಪನ್ಹಾಳ, ಜ್ಯೋತಿಬಾ. ದೊಡ್ಡ ಬಜೆಟ್ ಇದ್ದರೆ ಗೋಕರ್ಣ, ಮುರುಡೇಶ್ವರ, ಜೋಗ.

ಈ ಪ್ರವಾಸದಲ್ಲಿ ಒಂದು ಮಗು ಕಾಣಲಿಲ್ಲ ಅಂದ್ರೆ ಏನು ಮಾಡಬೇಕು, ಕಾಣೆಯಾಗದ ಹಾಗೆ ಮೊದಲೇ ಏನು ಮಾಡಬೇಕು, ಇದೇ ಇವತ್ತಿನ ಮಾತು. ‘ನಾನೇನು ಶಿಕ್ಷಕನಾ, ನನಗ್ಯಾಕೆ’ ಅಂತ ಸ್ಕಿಪ್ ಮಾಡಬೇಡಿ. ನಿಮ್ಮಲ್ಲಿ ಕೆಲವರು ಅತಿಥಿ ಶಿಕ್ಷಕರು, ಕೆಲವರು ಬಿ.ಎಡ್. ಮಾಡ್ತಾ ಇರೋರು. ಉಳಿದವರ ಮನೆಯಲ್ಲಿ ಒಬ್ಬ ತಮ್ಮನೋ ತಂಗಿಯೋ ಈ ಡಿಸೆಂಬರ್‌ನಲ್ಲಿ ಬಸ್ ಹತ್ತುತ್ತಾರೆ. ಅಪ್ಪ ಅಮ್ಮನ ಕೈಯಲ್ಲಿ ಕೀಪ್ಯಾಡ್ ಫೋನ್ ಇರುವ ಮನೆಗಳಲ್ಲಿ, ಏನಾದರೂ ಆದಾಗ ಮೊದಲ ಕರೆ ಬರೋದು ನಿಮ್ಮ ಸ್ಮಾರ್ಟ್‌ಫೋನಿಗೇ.

ಮೊದಲು ಒಂದು ನಿಜವಾದ ಘಟನೆ. 2024ರ ಡಿಸೆಂಬರ್ 10, ಮಂಗಳವಾರ. ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಕೊತ್ತೂರಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ 46 ವಿದ್ಯಾರ್ಥಿಗಳು ಮುರುಡೇಶ್ವರಕ್ಕೆ ಬಂದಿದ್ದರು. ಸಂಜೆ ಸಮುದ್ರಕ್ಕೆ ಇಳಿದರು. ಏಳು ಹುಡುಗಿಯರನ್ನು ಅಲೆ ಎಳೆದುಕೊಂಡಿತು. ಮೂವರನ್ನು ಉಳಿಸಲು ಆಯಿತು. ಒಬ್ಬಳ ದೇಹ ಅವತ್ತೇ ಸಿಕ್ಕಿತು, ಉಳಿದ ಮೂವರದ್ದು ಮರುದಿನ. ನಾಲ್ವರೂ ಹದಿನೈದರ ಆಸುಪಾಸಿನ ಮಕ್ಕಳು. ಸರ್ಕಾರ ತಲಾ 5 ಲಕ್ಷ ಪರಿಹಾರ ಘೋಷಿಸಿತು. ಪ್ರಾಂಶುಪಾಲರು ಅಮಾನತಾದರು, ಜೊತೆಗೆ ಹೋಗಿದ್ದ ಶಿಕ್ಷಕರ ಬಂಧನವೂ ಆಯಿತು. ಬೀಚ್‌ಗೆ ಪ್ರವಾಸಿಗರ ಪ್ರವೇಶ ನಿಲ್ಲಿಸಿದರು.

ಆ ರಾತ್ರಿಯನ್ನು ಸ್ವಲ್ಪ ಯೋಚನೆ ಮಾಡಿ. ಒಂದು ದೇಹ ಸಿಕ್ಕಿದೆ, ಮೂವರು ‘ಕಾಣೆ’. ಕೋಲಾರದಿಂದ ಮುರುಡೇಶ್ವರಕ್ಕೆ ರಾಜ್ಯದ ಈ ತುದಿಯಿಂದ ಆ ತುದಿ. ಆ ಮನೆಗಳಲ್ಲಿ ‘ಕಾಣೆ’ ಅನ್ನೋ ಪದ ಒಂದಿಡೀ ರಾತ್ರಿ ಆಸೆಯ ಪದ ಆಗಿತ್ತು. 

ನಮ್ಮ ಜಿಲ್ಲೆಗೂ ಇಂಥ ನೆನಪಿದೆ. 2017ರ ಏಪ್ರಿಲ್‌ನಲ್ಲಿ ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜೊಂದರ ತಂಡ ಸಿಂಧುದುರ್ಗ ಜಿಲ್ಲೆಯ ಮಾಲ್ವಣ ಹತ್ತಿರ ವಾಯರಿ ಬೀಚ್‌ಗೆ ಹೋಗಿತ್ತು. ಎಂಟು ಜನ ಮುಳುಗಿ ಸತ್ತರು. ಅವರು ಚಿಕ್ಕ ಮಕ್ಕಳಲ್ಲ, ಕಾಲೇಜಿನವರು. ಹಾಗಾಗಿ ‘ದೊಡ್ಡವರಾಗಿದ್ದಾರೆ, ನೋಡ್ಕೋತಾರೆ’ ಅನ್ನೋ ಮಾತು ನೀರಿನ ಮುಂದೆ ನಡೆಯಲ್ಲ.

ನಮ್ಮ ಕಡೆಯ ಹುಡುಗರಿಗೆ ನೀರು ಗೊತ್ತಿಲ್ಲ ಅಂತಲ್ಲ. ಕೃಷ್ಣಾ ದಂಡೆಯ ಹುಡುಗ ಹೊಳೆಯಲ್ಲಿ ಈಸು ಬಿದ್ದೇ ಬೆಳೆದಿರ್ತಾನೆ. ಯಡೂರು, ಕಲ್ಲೋಳ, ಐನಾಪುರ, ಕುಡಚಿ ಕಡೆಯವರನ್ನು ಕೇಳಿ ನೋಡಿ. ಆದರೆ ಹೊಳೆ ಒಂದೇ ದಿಕ್ಕಿಗೆ ಎಳೆಯುತ್ತೆ, ಸಮುದ್ರ ಹಾಗಲ್ಲ. ದಂಡೆಗೆ ಬಂದ ನೀರು ವಾಪಸ್ ಹೋಗುವಾಗ ಒಂದು ಕಿರಿದಾದ ಸೆಳವು ಆಗುತ್ತೆ. ನೋಡೋದಕ್ಕೆ ಅಲ್ಲೇ ಅಲೆ ಕಡಿಮೆ, ಶಾಂತ ಅನಿಸುತ್ತೆ, ಹುಡುಗರು ಅಲ್ಲೇ ಇಳೀತಾರೆ. ಅದರ ವಿರುದ್ಧ ಈಜಿದವನು ಸುಸ್ತಾಗಿ ಮುಳುಗುತ್ತಾನೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳವು ತಪ್ಪಿದ ಮೇಲೆ ದಡದ ಕಡೆ ಬರಬೇಕು. ಈಜು ಬಂದವರಿಗೇ ಈ ಮಾತು ಗೊತ್ತಿರಲ್ಲ. ಮುಳುಗ್ತಾ ಇರೋರನ್ನು ನೋಡಿದ ತಕ್ಷಣ ಹಾರಬೇಡಿ. ಒಬ್ಬರ ಹಿಂದೆ ಒಬ್ಬರು ಹೋಗಿ ಸಾಯೋದು ಹೀಗೇ. ಹಗ್ಗ, ಸೀರೆ, ಖಾಲಿ ನೀರಿನ ಕ್ಯಾನ್, ಬಸ್ಸಿನ ಸ್ಟೆಪ್ನಿ ಟ್ಯೂಬ್, ಏನಾದರೂ ತೇಲುವಂಥದ್ದನ್ನು ಎಸೆಯಿರಿ.

ಇನ್ನೂ ಒಂದು, ಅಣೆಕಟ್ಟು. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಬಂಡೆ ಮೇಲೆ ನಿಂತು ಫೋಟೊ ತೆಗೀತಿದ್ದ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿ ಹೋದರು. ಮಳೆ ಇರಲಿಲ್ಲ, ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ದೇಹ ಹುಡುಕೋದಕ್ಕೆ ವಾರಗಟ್ಟಲೆ ಹಿಡಿಯಿತು. ಕೊಯ್ನಾದಿಂದ ನೀರು ಬಿಟ್ಟರೆ ನಮ್ಮ ಸೇತುವೆ ಮುಳುಗೋದನ್ನ ಪ್ರತಿ ಮಳೆಗಾಲ ನೋಡುವ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಅಣೆಕಟ್ಟು ಇರುವ ನದಿಯ ಪಾತ್ರಕ್ಕೆ ಮಕ್ಕಳನ್ನು ಇಳಿಸಬಾರದು, ಅಷ್ಟೇ.

ಸರಿ, ನೀರಿನ ಮಾತು ಇಲ್ಲಿಗೆ ಬಿಡೋಣ. ಅದು ಸುದ್ದಿ ಆಗುತ್ತೆ. ಸುದ್ದಿ ಆಗದೇ ಇರೋದು ಇನ್ನೊಂದಿದೆ, ಅದೇ ಹೆಚ್ಚು ಸಲ ನಡೆಯೋದು. ಮಗು ಹಿಂದೆ ಉಳಿಯೋದು.

ಎಲ್ಲಿ ಉಳಿಯುತ್ತೆ? ದೇವಸ್ಥಾನ, ಕೋಟೆಗಿಂತ ಹೆಚ್ಚಾಗಿ ಹೆದ್ದಾರಿಯ ಪಕ್ಕದ ಹೋಟೆಲಿನ ಶೌಚಾಲಯದಲ್ಲಿ. ಬಸ್ಸು ಹತ್ತು ನಿಮಿಷ ನಿಲ್ಲುತ್ತೆ. ಹುಡುಗಿಯರ ಕಡೆ ಉದ್ದ ಕ್ಯೂ. ಡ್ರೈವರ್ ಹಾರ್ನ್ ಹೊಡೀತಾನೆ. ಸರ್ ಬಾಗಿಲಲ್ಲಿ ನಿಂತು ‘ಎಲ್ಲರೂ ಬಂದ್ರಾ?’ ಅಂತ ಕೇಳ್ತಾರೆ. ‘ಬಂದ್ವೀ ಸರ್’ ಅಂತ ಐವತ್ತು ಧ್ವನಿ. ಬಾರದೇ ಇರೋರು ‘ಬಂದಿಲ್ಲ’ ಅಂತ ಹೇಳೋದಕ್ಕೆ ಅಲ್ಲಿ ಇರೋದೇ ಇಲ್ಲವಲ್ಲ! ಇದಕ್ಕಿಂತ ಕೆಟ್ಟ ಎಣಿಕೆ ಇನ್ನೊಂದಿಲ್ಲ, ಆದರೂ ನಮ್ಮ ಶಾಲೆಗಳಲ್ಲಿ ಬಹುತೇಕ ಇದೇ ಎಣಿಕೆ.

ಎರಡನೇದು, ಎರಡು ಬಸ್ಸಿನ ಸಮಸ್ಯೆ. ಗೆಳೆಯನ ಪಕ್ಕ ಕೂರಬೇಕು ಅಂತ ಒಬ್ಬ ಹುಡುಗ ಒಂದನೇ ಬಸ್ಸಿಂದ ಎರಡನೇ ಬಸ್ಸಿಗೆ ಹೋಗಿರ್ತಾನೆ. ಅವತ್ತಿನಿಂದ ಅವನು ಕಾಣದಿದ್ದರೆ ಈ ಬಸ್ಸಿನವರು ‘ಆ ಬಸ್ಸಲ್ಲಿರಬೇಕು’ ಅಂತಾರೆ, ಆ ಬಸ್ಸಿನವರು ‘ಈ ಬಸ್ಸಲ್ಲಿರಬೇಕು’ ಅಂತಾರೆ. ಎರಡೂ ಬಸ್ಸು ಹೊರಡುತ್ತವೆ. ನೂರು ಕಿಲೋಮೀಟರ್ ಆದ ಮೇಲೆ ಊಟಕ್ಕೆ ಇಳಿದಾಗ ಗೊತ್ತಾಗುತ್ತೆ. ಹತ್ತಿದ ಬಸ್ಸು ಬದಲಾಯಿಸೋ ಹಾಗಿಲ್ಲ ಅನ್ನೋ ಒಂದೇ ನಿಯಮ ಸಾಕು ಇದಕ್ಕೆ. ಮಕ್ಕಳು ಗೊಣಗ್ತಾರೆ, ಗೊಣಗಲಿ.

ಕೊಲ್ಹಾಪುರದ ಮಹಾಲಕ್ಷ್ಮಿ ಗುಡಿ ನೋಡಿದವರಿಗೆ ಗೊತ್ತು, ಅದಕ್ಕೆ ನಾಲ್ಕೂ ಕಡೆ ಬಾಗಿಲು. ಮಹಾದ್ವಾರದಿಂದ ಒಳಗೆ ಹೋದ ಮಗು ದರ್ಶನ ಮುಗಿಸಿ ಬೇರೆ ಬಾಗಿಲಿಂದ ಹೊರಗೆ ಬಂದರೆ ಅದು ಬೇರೆಯೇ ಬೀದಿ. ಅಂಗಡಿಗಳೂ ಬೇರೆ, ಜನರೂ ಬೇರೆ, ಬಸ್ಸಿನ ಸುಳಿವಿಲ್ಲ. ಗೋಳಗುಮ್ಮಟದಲ್ಲಿ ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಮೇಲೆ ಪಿಸುಗುಟ್ಟುವ ಗ್ಯಾಲರಿಯ ಗಲಾಟೆಯಲ್ಲಿ ಯಾರ ಹೆಸರು ಕೂಗಿದರೂ ಗುಮ್ಮಟವೇ ಉತ್ತರ ಕೊಡುತ್ತೆ! ಆಲಮಟ್ಟಿಯಲ್ಲಿ ಸಂಗೀತ ಕಾರಂಜಿ ನೋಡೋದು ಕತ್ತಲಾದ ಮೇಲೆ, ನಾಲ್ಕಾರು ಶಾಲೆಯ ಮಕ್ಕಳು ಒಂದೇ ಬಣ್ಣದ ಯೂನಿಫಾರ್ಮ್‌ನಲ್ಲಿ ಒಟ್ಟಿಗೆ ಏಳ್ತಾರೆ. ಅಂದ್ರೆ ಪ್ರತಿ ಜಾಗಕ್ಕೂ ಅದರದ್ದೇ ಆದ ತಪ್ಪಿಸಿಕೊಳ್ಳುವ ದಾರಿ ಇದೆ. ಹೋಗೋ ಮೊದಲು ಒಬ್ಬ ಶಿಕ್ಷಕರಾದರೂ ಆ ಜಾಗ ನೋಡಿರಬೇಕು, ಇಲ್ಲಾಂದ್ರೆ ನೋಡಿದವರನ್ನು ಕೇಳಿರಬೇಕು.

ಹಾಗಾದ್ರೆ ಎಣಿಸೋದು ಹೇಗೆ? ಪ್ರತಿ ಮಗುವಿಗೆ ಒಂದು ನಂಬರ್. ಒಂದರಿಂದ ಶುರು, ಮಕ್ಕಳೇ ಕೂಗಬೇಕು. 23ರ ನಂತರ ಮೌನ ಅಂದ್ರೆ 24 ಇಲ್ಲ. ಅರ್ಧ ನಿಮಿಷದ ಕೆಲಸ. ಇದರ ಜೊತೆ ಜೋಡಿ. 24ನೆಯವಳ ಜೋಡಿ ಯಾರು ಅಂತ ಕೇಳಿದ ಕೂಡಲೇ ‘ಅಕ್ಕೋರೆ, ಬಾತ್‌ರೂಮಿಗೆ ಹೋಗ್ಯಾಳ್ರಿ’ ಅಂತ ಉತ್ತರ ಬರಬೇಕು. ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬ ಹಿರಿಯರು, ಆ ಹಿರಿಯರ ಕೈಯಲ್ಲಿ ಹೆಸರಿನ ಹಾಳೆ. ಫೋನಲ್ಲಿ ಅಲ್ಲ, ಕಾಗದದಲ್ಲಿ. ಬ್ಯಾಟರಿ ಮುಗಿದಾಗಲೇ ಇಂಥ ಕೆಲಸ ಬೀಳೋದು. ಮತ್ತೆ ಡ್ರೈವರಿಗೆ ಮೊದಲೇ ಹೇಳಿರಬೇಕು, ಎಣಿಕೆ ಆಯ್ತು ಅಂತ ಒಬ್ಬರು, ಹೆಸರು ಗೊತ್ತಿರುವ ಒಬ್ಬರೇ, ಹೇಳುವ ತನಕ ಗಾಡಿ ಎತ್ತಬಾರದು. ನಮ್ಮ ವಾಯವ್ಯ ಸಾರಿಗೆಯ ಡ್ರೈವರ್‌ಗಳು ಇದನ್ನ ಕೇಳ್ತಾರೆ, ಅವರಿಗೂ ರಾತ್ರಿ ವಾಪಸ್ ತಿರುಗಿ ಹೋಗೋದು ಬೇಕಾಗಿಲ್ಲ.

ಮಗುವಿಗೆ ಏನು ಹೇಳಿ ಕಳಿಸಬೇಕು? ಅಕ್ಕ ಅಣ್ಣ ಆಗಿ ನೀವೇ ಹೇಳಬಹುದಾದ ಮಾತು ಇದು. ತಪ್ಪಿಸಿಕೊಂಡೆ ಅನಿಸಿದ ಕೂಡಲೇ ನಿಂತಲ್ಲೇ ನಿಲ್ಲು. ಮಕ್ಕಳು ಮಾಡೋದು ಇದರ ಉಲ್ಟಾ, ಓಡ್ತಾರೆ. ಹುಡುಕೋರು ಹಿಂದಕ್ಕೆ ಬರ್ತಾ ಇರ್ತಾರೆ, ಮಗು ಮುಂದಕ್ಕೆ ಓಡ್ತಾ ಇರುತ್ತೆ. ‘ಬಸ್ಸಿನ ಹತ್ತಿರ ಬಾ’ ಅಂತ ಹೇಳಬೇಡಿ, ಪಾರ್ಕಿಂಗ್ ತುಂಬಿದರೆ ಬಸ್ಸು ಬೇರೆ ಕಡೆ ಹೋಗಿರುತ್ತೆ. ಅಲುಗಾಡದ ಜಾಗ ಹೇಳಿ, ಟಿಕೆಟ್ ಕೌಂಟರ್, ಚಪ್ಪಲಿ ಸ್ಟ್ಯಾಂಡ್, ಪೊಲೀಸ್ ಚೌಕಿ. ಸಹಾಯ ಬೇಕಾದರೆ ಯೂನಿಫಾರ್ಮ್ ಹಾಕಿದವರನ್ನೋ, ಅಂಗಡಿಯಲ್ಲಿ ಕೂತವರನ್ನೋ, ಮಕ್ಕಳನ್ನು ಕರಕೊಂಡು ಬಂದ ಹೆಂಗಸರನ್ನೋ ಕೇಳು. ‘ಬಾ, ನಿಮ್ಮ ಬಸ್ ತೋರಿಸ್ತೀನಿ’ ಅಂತ ಗಾಡಿ ಹತ್ತಿಸಿಕೊಳ್ಳೋಕೆ ಬಂದವರ ಜೊತೆ ಹೋಗಬೇಡ.

ಜೇಬಲ್ಲಿ ಒಂದು ಚೀಟಿ ಇರಲಿ. ಅದರಲ್ಲಿ ಜೊತೆಗಿರುವ ಇಬ್ಬರು ಶಿಕ್ಷಕರ ಮೊಬೈಲ್, ಮನೆಯ ಒಂದು ನಂಬರ್, ಬಸ್ಸಿನ ನಂಬರ್. ಶಾಲೆಯ ಐಡಿ ಕಾರ್ಡ್‌ನಲ್ಲಿ ಇರೋದು ಶಾಲೆಯ ಲ್ಯಾಂಡ್‌ಲೈನ್, ರಜೆಯ ದಿನ ಅದನ್ನು ಎತ್ತೋರು ಯಾರು? ಕೊಲ್ಹಾಪುರಕ್ಕೆ ಹೋಗೋದಾದರೆ ಮರಾಠಿಯಲ್ಲೂ ಬರೆಯಿರಿ. ನಿಪ್ಪಾಣಿ, ಕಾಗವಾಡದ ಮಗುವಿಗೆ ಮರಾಠಿ ಕಷ್ಟ ಅಲ್ಲ, ಮನೆಯಲ್ಲೇ ಎರಡೂ ಭಾಷೆ ಇರುತ್ತೆ. ಆದರೆ ರಾಯಬಾಗ, ಅಥಣಿಯ ಒಳಗಿನ ತೋಟದ ಮನೆಯ ಮಗು ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಬಾಯಿ ಬಿಡದೆ ನಿಂತುಬಿಡಬಹುದು. ಹಾಗೇ ನಮ್ಮ ಕಡೆಯ ಮರಾಠಿ, ಉರ್ದು ಮಾಧ್ಯಮದ ಮಕ್ಕಳು ಮೈಸೂರಿಗೋ ಹಂಪಿಗೋ ಹೋದಾಗ ಅವರ ಚೀಟಿ ಕನ್ನಡದಲ್ಲಿರಬೇಕು. ಇನ್ನು ಗಡಿಯಾಚೆ ಹೋಗೋ ಮೊದಲು ಸುದ್ದಿ ನೋಡಿ. 2022ರ ಡಿಸೆಂಬರ್‌ನಲ್ಲಿ ಬಸ್ಸುಗಳ ಮೇಲೆ ಕಲ್ಲು ಬಿದ್ದು, ಎರಡೂ ರಾಜ್ಯಗಳ ಬಸ್ ಸಂಚಾರ ಏರುಪೇರಾಗಿದ್ದು ನೆನಪಿದೆಯಲ್ಲ. ಗಡಿ ಗಲಾಟೆ ಮಾಡೋರ ಜಗಳದ ಮಧ್ಯೆ ಐವತ್ತು ಮಕ್ಕಳ ಬಸ್ಸು ಸಿಕ್ಕಿಕೊಳ್ಳಬಾರದು.

ಈಗ ಮುಖ್ಯ ಭಾಗ. ಎಣಿಸಿದ್ರಿ, ಒಬ್ಬರು ಕಡಿಮೆ. ಇನ್ನೊಂದು ಸಲ ಎಣಿಸಿದ್ರಿ, ಒಬ್ಬರು ಕಡಿಮೆನೇ. ಏನು ಮಾಡಬೇಕು?

ಮೊದಲು ಉಳಿದ ಮಕ್ಕಳನ್ನು ಬಸ್ಸಲ್ಲಿ ಕೂರಿಸಿ, ಒಬ್ಬರು ಅಲ್ಲೇ ಇರಿ. ಎಲ್ಲಾ ಶಿಕ್ಷಕರೂ ಹುಡುಕೋಕೆ ಓಡಿದರೆ ಇನ್ನೊಂದು ಮಗು ಕಾಣೆಯಾಗುತ್ತೆ. ಇಬ್ಬರು ಹುಡುಕೋಕೆ, ಒಬ್ಬರು ಆ ಸ್ಥಳದ ಕಚೇರಿಗೆ. ಧ್ವನಿವರ್ಧಕದಲ್ಲಿ ಕರೆಸಬೇಕು, ಗೇಟಿನ ಕಾವಲುಗಾರರಿಗೆ ಹೇಳಬೇಕು, ಸಿಸಿಟಿವಿ ನೋಡಬೇಕು. ಬೆಳಿಗ್ಗೆ ಹೊರಡೋವಾಗ ತೆಗೆದ ಗ್ರೂಪ್ ಫೋಟೊ ಈಗ ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ಅವತ್ತು ಹಾಕಿದ ಬಟ್ಟೆ ಅದರಲ್ಲಿದೆ. ಆಧಾರ್ ಕಾರ್ಡಿನ ಫೋಟೊ ಇಟ್ಟುಕೊಂಡು ಯಾರನ್ನೂ ಹುಡುಕೋಕೆ ಆಗಲ್ಲ, ನಮ್ಮನ್ನು ನಾವೇ ಅದರಲ್ಲಿ ಗುರುತಿಸೋದು ಕಷ್ಟ.

ಹದಿನೈದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಸಿಗಲಿಲ್ಲ ಅಂದ್ರೆ 112. ದೇಶದ ಯಾವ ಮೂಲೆಯಿಂದ ಮಾಡಿದರೂ ಅಲ್ಲಿನ ಪೊಲೀಸರಿಗೇ ಹೋಗುತ್ತೆ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಮೊದಲು ಅದನ್ನು ಚೈಲ್ಡ್‌ಲೈನ್ ಸಂಸ್ಥೆ ನಡೆಸ್ತಾ ಇತ್ತು, 2023ರಿಂದ ಸರ್ಕಾರವೇ ವಹಿಸಿಕೊಂಡು 112ರ ಜೊತೆ ಜೋಡಿಸಿದೆ. ರೈಲ್ವೆ ಸ್ಟೇಷನ್ ಹತ್ತಿರ ಇದ್ದರೆ 139.

ಇಲ್ಲಿ ಒಂದು ಸುಳ್ಳು ಓಡಾಡ್ತಾ ಇದೆ, ‘24 ಗಂಟೆ ಆಗೋವರೆಗೂ ಪೊಲೀಸರು ಕಂಪ್ಲೇಂಟ್ ತಗೊಳ್ಳಲ್ಲ’ ಅಂತ. ಇದು ಸಿನಿಮಾದಿಂದ ಬಂದಿದ್ದೋ ಸ್ಟೇಷನ್ನಿಂದ ಬಂದಿದ್ದೋ, ಎಲ್ಲಿಂದ ಬಂದಿದ್ದರೂ ತಪ್ಪು. 2013ರ ಮೇ 10ರಂದು ಬಚಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಆಗಲೇಬೇಕು, ಬೇರೆ ಏನೂ ಸಾಬೀತಾಗುವ ತನಕ ಅಪಹರಣ ಅಥವಾ ಸಾಗಾಟ ಅಂತಲೇ ಭಾವಿಸಿ ತನಿಖೆ ಶುರು ಮಾಡಬೇಕು. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಕೇಸು ಮಾನವ ಸಾಗಾಟ ತಡೆ ಘಟಕಕ್ಕೆ ಹೋಗಬೇಕು. ಹದಿನೆಂಟು ತುಂಬದವರೆಲ್ಲ ಇಲ್ಲಿ ಮಗುವೇ. ಹತ್ತನೇ ಕ್ಲಾಸಿನ ಹುಡುಗನ ವಿಷಯದಲ್ಲಿ ‘ದೊಡ್ಡವನಿದಾನೆ, ಬರ್ತಾನೆ ಬಿಡಿ’ ಅಂತ ಹೇಳಿ ಕಳಿಸೋಕೆ ಆಗಲ್ಲ.

ಇನ್ನೊಂದು ಪ್ರಶ್ನೆ ನಮ್ಮ ಗಡಿ ತಾಲ್ಲೂಕುಗಳಿಗೆ ತುಂಬಾ ಮುಖ್ಯ. ಮಗು ಅಥಣಿಯದ್ದು, ಕಾಣೆಯಾಗಿದ್ದು ಕೊಲ್ಹಾಪುರದಲ್ಲಿ. ದೂರು ಎಲ್ಲಿ? ಎಷ್ಟೋ ಜನ ಊರಿಗೆ ವಾಪಸ್ ಬಂದು, ಹಿರಿಯರ ಜೊತೆ ಮಾತಾಡಿ, ಆಮೇಲೆ ನಮ್ಮ ಸ್ಟೇಷನ್ನಿಗೆ ಹೋಗೋಣ ಅಂತಾರೆ. ಇದಕ್ಕೇ ಆರೇಳು ಗಂಟೆ ಹೋಗುತ್ತೆ. ಕಾಣೆಯಾದ ಜಾಗದ ಸ್ಟೇಷನ್ನಿನಲ್ಲೇ, ಆಗಲೇ ಕೊಡಿ. ಅಷ್ಟರಲ್ಲಿ ಅಪ್ಪ ಅಮ್ಮ ಇಲ್ಲಿಂದಲೂ ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯೂ ದೂರು ದಾಖಲಿಸಬೇಕು. ಇದನ್ನೇ ಜೀರೋ ಎಫ್‌ಐಆರ್ ಅನ್ನೋದು. ‘ಇದು ನಮ್ಮ ಲಿಮಿಟ್ ಅಲ್ಲ’ ಅನ್ನೋ ಉತ್ತರಕ್ಕೆ ಈ ಕಲಮ್ಮಿನ ನಂಬರ್ ಹೇಳಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ.

ಯಾಕೆ ಇಷ್ಟು ಅವಸರ ಅಂದ್ರೆ, ಮೀರಜ್. ಕಾಗವಾಡದಿಂದ ಅರ್ಧ ಗಂಟೆಯ ದಾರಿ. ನಮ್ಮ ಶೇಡಬಾಳ, ಉಗಾರ, ಕುಡಚಿ, ರಾಯಬಾಗ ಸ್ಟೇಷನ್‌ಗಳೆಲ್ಲ ಇರೋದು ಮೀರಜ್ ಲೈನಿನ ಮೇಲೆ. ಅಲ್ಲಿಂದ ಪುಣೆ ಕಡೆ ಗಾಡಿ, ಪಂಢರಪುರ ಕಡೆ ಗಾಡಿ, ಬೆಂಗಳೂರಿಗೆ ರಾಣಿ ಚೆನ್ನಮ್ಮ, ತಿರುಪತಿಗೆ ಹರಿಪ್ರಿಯಾ. ಸಂಜೆ ಗಾಡಿ ಹತ್ತಿದ ಮಗು ಬೆಳಿಗ್ಗೆ ಬೇರೆ ರಾಜ್ಯದಲ್ಲಿ ಏಳುತ್ತೆ. ಮೊದಲ ಎರಡು ಗಂಟೆಯಲ್ಲಿ ಹುಡುಕಬೇಕಾಗಿರೋದು ಒಂದು ಪೇಟೆ, ಹನ್ನೆರಡು ಗಂಟೆ ಆದ ಮೇಲೆ ಅರ್ಧ ದೇಶ.

ಆದರೂ ತಡ ಆಗುತ್ತೆ. ಯಾಕೆ? ನನಗೆ ಅನಿಸೋ ಪ್ರಕಾರ ಅಜ್ಞಾನ ಅಲ್ಲ, ಹೆದರಿಕೆ. ಮುರುಡೇಶ್ವರದ ನಂತರ ಪ್ರತಿ ಶಿಕ್ಷಕರ ತಲೆಯಲ್ಲೂ ಅಮಾನತು, ಬಂಧನ ಅನ್ನೋ ಪದ ಕೂತಿದೆ. ಜೊತೆಗೆ ಹೋಗೋರಲ್ಲಿ ಅರ್ಧ ಜನ ಅತಿಥಿ ಶಿಕ್ಷಕರು, ಅವರ ಕೆಲಸ ಮುಂದಿನ ವರ್ಷ ಇರುತ್ತೋ ಇಲ್ಲವೋ. ಹಾಗಾಗಿ ‘ಇನ್ನೊಂದರ್ಧ ಗಂಟೆ ನೋಡೋಣ, ಸಿಕ್ಕರೆ ಯಾರಿಗೂ ಗೊತ್ತಾಗಲ್ಲ’ ಅಂತ ಮನಸ್ಸು ಹೇಳುತ್ತೆ. ಆ ಅರ್ಧ ಗಂಟೆ ಮೂರು ಗಂಟೆ ಆಗುತ್ತೆ. ಬೇಜವಾಬ್ದಾರಿಗೆ ಶಿಕ್ಷೆ ಬೇಡ ಅಂತ ನಾನು ಹೇಳ್ತಾ ಇಲ್ಲ. ಆದರೆ ಮಗು ತಪ್ಪಿಸಿಕೊಂಡ ಹತ್ತು ನಿಮಿಷಕ್ಕೆ ತಾನಾಗಿ ಫೋನ್ ಮಾಡಿದ ಶಿಕ್ಷಕಿಯನ್ನೂ, ಮೂರು ಗಂಟೆ ಮುಚ್ಚಿಟ್ಟವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮುಂದಿನ ಸಲ ಯಾರೂ ಬೇಗ ಫೋನ್ ಮಾಡಲ್ಲ. ಚಿಕ್ಕೋಡಿಯಲ್ಲಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯೇ ಇದೆ, ಉಪನಿರ್ದೇಶಕರ ಕಚೇರಿ ಇದೆ. ಪ್ರವಾಸಕ್ಕೆ ಅನುಮತಿ ಕೊಡುವಾಗ ಬಸ್ಸಿನ ದಾಖಲೆ, ಒಪ್ಪಿಗೆ ಪತ್ರ ಎಲ್ಲಾ ನೋಡ್ತಾರೆ. ಅದರ ಜೊತೆ ‘ಮಗು ಕಾಣದಿದ್ದರೆ ಯಾರು ಯಾರಿಗೆ ಎಷ್ಟು ನಿಮಿಷದೊಳಗೆ ಫೋನ್ ಮಾಡ್ತೀರಿ’ ಅಂತ ಒಂದು ಪುಟ ಬರೆಸಿಕೊಂಡರೆ ಆ ಹೆದರಿಕೆ ಅರ್ಧ ಕಡಿಮೆ ಆಗುತ್ತೆ.

ಮನೆಯವರಿಗೆ ಹೇಳೋದೂ ಅಷ್ಟೇ. ಪೊಲೀಸರಿಗೆ ಹೇಳಿದ ಕೂಡಲೇ ಮನೆಗೆ. ಒಬ್ಬರೇ ಹೇಳಬೇಕು, ಅವರೇ ಪ್ರತಿ ಗಂಟೆಗೆ ಮತ್ತೆ ಹೇಳಬೇಕು. ತಾಯಿಯೊಬ್ಬಳಿಗೆ ಮಗಳು ಕಾಣೆಯಾದ ಸುದ್ದಿ ಪಕ್ಕದ ಮನೆಯವರ ಸ್ಟೇಟಸ್‌ನಿಂದ ಗೊತ್ತಾಗಬಾರದು.

ಸ್ಟೇಟಸ್ ಅಂದಾಗ ನಿಮ್ಮ ಭಾಗ ಬಂತು. ‘ಮಗು ಕಾಣೆಯಾಗಿದೆ, ಎಲ್ಲಾ ಗ್ರೂಪಿಗೂ ಕಳಿಸಿ.’ ಕಳಿಸಬೇಕಾ? ಕಳಿಸಿ, ಆದರೆ ಅದರಲ್ಲಿ ದಿನಾಂಕ, ಕಾಣೆಯಾದ ಜಾಗ, ಠಾಣೆಯ ಹೆಸರು, ಪೊಲೀಸರ ನಂಬರ್ ಇದ್ದರೆ ಮಾತ್ರ. ದಿನಾಂಕ ಇಲ್ಲದ ಮೆಸೇಜು ಸಾಯೋದೇ ಇಲ್ಲ. ಸಿಕ್ಕ ಮಗುವಿನ ಫೋಟೊ ಐದು ವರ್ಷ ಆದರೂ ಸುತ್ತುತ್ತಾ ಇರುತ್ತೆ, ಆ ಮಗು ಆಗ ಪಿಯುಸಿ ಓದ್ತಾ ಇರುತ್ತೆ.

ಮತ್ತೆ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅನ್ನೋ ವಾಯ್ಸ್ ನೋಟ್ ಮಾತ್ರ ಮುಂದಕ್ಕೆ ಕಳಿಸಲೇಬೇಡಿ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಈ ವದಂತಿಗೆ ಐವರನ್ನು ಹೊಡೆದು ಕೊಂದರು. ಅದೇ ತಿಂಗಳು ನಮ್ಮ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಣಕ್ಕೆ ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು ಕೊಂದರು. ಆಮೇಲೆಯೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಫಾರ್ವರ್ಡ್ ಅಂತ ಮಿತಿ ಹಾಕಿದ್ದು. ಅಷ್ಟು ದೂರ ಯಾಕೆ, 2022ರ ಸೆಪ್ಟೆಂಬರ್‌ನಲ್ಲಿ ಅಥಣಿ ಪಕ್ಕದ ಜತ್ತ ತಾಲ್ಲೂಕಿನ ಲವಂಗಾ ಊರಲ್ಲಿ, ಹುಡುಗನೊಬ್ಬನ ಹತ್ತಿರ ದಾರಿ ಕೇಳಿದ್ದಕ್ಕೆ ನಾಲ್ವರು ಸಾಧುಗಳನ್ನು ಕಳ್ಳರು ಅಂತ ಬಡಿದರು. ವಿಜಯಪುರದ ಕಡೆಯಿಂದ ಪಂಢರಪುರಕ್ಕೆ ಹೊರಟಿದ್ದವರು ಅವರು. ಇದರಿಂದ ಇನ್ನೊಂದು ನಷ್ಟ ಇದೆ, ಅದನ್ನ ಯಾರೂ ಲೆಕ್ಕ ಹಾಕಲ್ಲ. ದಾರಿ ತಪ್ಪಿ ಅಳ್ತಾ ನಿಂತ ಮಗುವಿನ ಹತ್ತಿರ ಹೋಗಿ ‘ಯಾವೂರು?’ ಅಂತ ಕೇಳೋದಕ್ಕೇ ಜನ ಈಗ ಹೆದರ್ತಾರೆ.

ಹೆದರಬೇಡಿ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲೋ, ಮೀರಜ್ ಸ್ಟೇಷನ್ನಿನಲ್ಲೋ ಒಂಟಿ ಮಗು ಕಂಡರೆ, ಜನರ ನಡುವೆಯೇ ನಿಂತು ಮಾತಾಡಿ, ಪಕ್ಕದ ಒಬ್ಬ ಹೆಂಗಸನ್ನು ಜೊತೆಗೆ ಕರೀರಿ, ಅಲ್ಲಿಂದಲೇ 112 ಅಥವಾ 1098ಕ್ಕೆ ಫೋನ್ ಮಾಡಿ. ಬೈಕಲ್ಲಿ ಕೂರಿಸಿಕೊಂಡು ಹೊರಡಬೇಡಿ, ಮನೆಗೂ ಕರಕೊಂಡು ಹೋಗಬೇಡಿ. ಬಾಲನ್ಯಾಯ ಕಾಯ್ದೆ 2015ರ 32ನೇ ಕಲಂ ಪ್ರಕಾರ ಹೀಗೆ ಸಿಕ್ಕ ಮಗುವಿನ ವಿಷಯ 24 ಗಂಟೆಯೊಳಗೆ ತಿಳಿಸೋದು ಕರ್ತವ್ಯ, ತಿಳಿಸದಿದ್ದರೆ ಅದೇ ಅಪರಾಧ. ಆಮೇಲೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸ್ತಾರೆ.

ಒಂದು ವಿಷಯ ಮಾತಾಡದೇ ಮುಗಿಸೋಕೆ ಆಗಲ್ಲ. ಕೆಲವು ಮಕ್ಕಳು ತಪ್ಪಿಸಿಕೊಳ್ಳಲ್ಲ, ಹೋಗ್ತಾರೆ. ಮನೆಯಿಂದ ಹೊರಗೆ, ಕೈಯಲ್ಲಿ ಐನೂರು ರೂಪಾಯಿ ಇರುವ ಏಕೈಕ ದಿನ ಅಂದ್ರೆ ಪ್ರವಾಸದ ದಿನ. ಹತ್ತನೇ ಕ್ಲಾಸಿನ ಹುಡುಗಿಗೆ ಮನೆಯಲ್ಲಿ ಮದುವೆ ನಿಶ್ಚಯ ಮಾಡಿರಬಹುದು. ಹುಡುಗನೊಬ್ಬನಿಗೆ ಪರೀಕ್ಷೆಯ ಭಯ, ಅಪ್ಪನ ಏಟಿನ ಭಯ ಇರಬಹುದು. ಇಂಥ ಮಗುವಿನ ಗೆಳತಿಗೆ, ಗೆಳೆಯನಿಗೆ ಮೊದಲೇ ಗೊತ್ತಿರುತ್ತೆ. ಹಾಗಾಗಿ ಕಾಣೆಯಾದಾಗ ಜೋಡಿಯ ಮಗುವನ್ನು ಎಲ್ಲರ ಮುಂದೆ ಗದರಿಸಿ ಕೇಳಬೇಡಿ, ಒಬ್ಬ ಅಕ್ಕೋರು ಪಕ್ಕಕ್ಕೆ ಕರೆದು ಕೇಳಲಿ. ಮಗು ಸಿಕ್ಕ ಮೇಲೆ ಎರಡು ಏಟು ಹಾಕಿ ಮನೆಗೆ ಒಪ್ಪಿಸಿದರೆ ಮುಗೀತು ಅಂತ ಅಲ್ಲ. ಮದುವೆಯ ವಿಷಯ ಆಗಿದ್ದರೆ ಅದು ಮಕ್ಕಳ ಕಲ್ಯಾಣ ಸಮಿತಿಗೆ ಹೋಗಲೇಬೇಕು, ಇಲ್ಲಾಂದ್ರೆ ಪೊಲೀಸರೇ ಅವಳನ್ನ ಅದೇ ಮಂಟಪಕ್ಕೆ ತಲುಪಿಸಿದ ಹಾಗೆ.

ಇಷ್ಟೆಲ್ಲಾ ಕೇಳಿದ ಮೇಲೆ ‘ಪ್ರವಾಸಾನೇ ಬೇಡ’ ಅನ್ನೋರಿದ್ದಾರೆ. ಮುರುಡೇಶ್ವರದ ನಂತರ ಹಾಗೆ ನಿರ್ಧಾರ ಮಾಡಿದ ಶಾಲೆಗಳೂ ಇವೆ. ಅದನ್ನ ನಾನು ಒಪ್ಪಲ್ಲ. ದುಡ್ಡಿದ್ದ ಮನೆಯ ಮಕ್ಕಳು ಹೇಗಿದ್ದರೂ ಕಾರಲ್ಲಿ ಗೋವಾ ನೋಡ್ತಾರೆ. ನಿಲ್ಲೋದು ಯಾರ ಪ್ರವಾಸ? ತಂಬಾಕಿನ ಕೂಲಿ, ಕಬ್ಬಿನ ಗ್ಯಾಂಗ್‌ನವರ ಮಕ್ಕಳದ್ದು. ಸರ್ಕಾರಿ ಶಾಲೆಯ ಆ ಹುಡುಗಿಗೆ ಸಮುದ್ರ ತೋರಿಸೋಕೆ ಇರೋದು ಶಾಲೆಯ ಬಸ್ಸೊಂದೇ. ಸಮುದ್ರ ತೋರಿಸಿ, ದಂಡೆಯ ಮೇಲೆ ನಿಲ್ಲಿಸಿ ತೋರಿಸಿ.

ಕೊನೆಗೆ ವಾಪಸ್ ಬರೋ ರಾತ್ರಿ. ಎಣಿಕೆ ಸಡಿಲ ಆಗೋದು ಇಲ್ಲೇ, ಎಲ್ಲರಿಗೂ ಸುಸ್ತು. ರಾತ್ರಿ ಹನ್ನೊಂದು, ಬಸ್ಸು ಊರ ಹತ್ತಿರ ಬಂದಿದೆ. ‘ಸರ್, ನಮ್ಮ ತೋಟ ಇಲ್ಲೇ, ಕ್ರಾಸಿನಾಗ ಇಳಸ್ರಿ’ ಅಂತ ಒಬ್ಬ ಕೇಳ್ತಾನೆ. ಇಳಿಸ್ತಾರೆ. ಶಾಲೆಯ ಗೇಟಿನ ಮುಂದೆ ಅವನ ಅಪ್ಪ ಕಾಯ್ತಾ ನಿಂತಿರ್ತಾನೆ. ಕ್ರಾಸಿನಲ್ಲಿ ಇಳಿಸಬೇಡಿ. ಮನೆಯವರು ಬಂದು ಹಾಳೆಯ ಮೇಲೆ ಸಹಿ ಹಾಕಿದ ಮೇಲೆಯೇ ಮಗುವನ್ನ ಕಳಿಸಿ. ತಮ್ಮನೋ ತಂಗಿಯೋ ಬರ್ತಾ ಇದ್ದರೆ ಆ ರಾತ್ರಿ ನೀವು ಎದ್ದಿರಿ, ಬಸ್ಸಿನಲ್ಲಿರೋ ಒಬ್ಬ ಶಿಕ್ಷಕರ ಹತ್ತಿರ ವಾಟ್ಸ್ಆ್ಯಪ್ ಲೈವ್ ಲೊಕೇಶನ್ ಎಂಟು ಗಂಟೆಗೆ ಹಾಕಿಸಿಕೊಳ್ಳಿ, ಗಾಡಿ ತಗೊಂಡು ಗೇಟಿನ ಹತ್ತಿರ ಹೋಗಿ.

ನಿಮ್ಮ ಶಾಲೆಯವರು ಈ ಸಲ ಎಣಿಕೆ ಹೇಗೆ ಮಾಡಿದರು ಅನ್ನೋದನ್ನ ವಾಯ್ಸ್ ನೋಟ್ ಕಳಿಸಿ, ಮಕ್ಕಳ ಹೆಸರು ಬೇಡ. ಮುಂದಿನ ವಾರ ಸಿಗೋಣ.